ಕೈತಪ್ಪಿದ ಹಲಗೆ



ನಮ್ಮ ಓದುಗರಾದ ಗೃಹಸ್ಥರೊಬ್ಬರು ಈ ತಿಂಗಳು ನಮಗೊಂದು ಕಾಗದವನ್ನು ಬರೆದಿರುವರು. ಅವರ ಚಿರಂಜೀವಿಯು ರಾಮೇಶ್ವರದ ಕಡಲಿನಲ್ಲಿ ‘ಕೈಟ್‌ಬೋರ್ಡಿಂಗ್’ ಎಂಬ ಆಟವನ್ನು ಕಲಿಯಲು ಹೊರಟಿರುವನಂತೆ. “ಬಿದ್ದಾಗ ಹಲಗೆಯು ತೇಲಿ ಹೋಗದಂತೆ ಅದನ್ನು ಹಗ್ಗದಿಂದ ಅವನ ಕಾಲಿಗೆ ಕಟ್ಟಿಕೊಳ್ಳಹೇಳಲೇ?” ಎಂಬುದು ಅವರ ಪ್ರಶ್ನೆ. ತಂದೆಯ ಮನಸ್ಸಿಗೆ ಸಹಜವಾದ ಯೋಚನೆಯೇ ಸರಿ. ಆದರೆ ಕಟ್ಟಕೂಡದು ಎಂಬುದೇ ನಮ್ಮ ಉತ್ತರವು.

ಈ ಆಟವು ಹಳೆಯದಲ್ಲ. ನೀರಿಗೆ ಬಿದ್ದರೂ ಮುಳುಗದೆ ಮರಳಿ ಮೇಲೇಳಬಲ್ಲಂಥ, ಗಾಳಿ ತುಂಬಿದ ಪಟವೊಂದಕ್ಕೆ ಫ್ರಾನ್ಸಿನ ಬ್ರೂನೋ ಮತ್ತು ಡೊಮಿನಿಕ್ ಲೆಗೆನ್ಯು ಎಂಬ ಸಹೋದರರು 1984ರಲ್ಲಿ ಪೇಟೆಂಟು ಕೋರಿದರು. 2024ರ ಪ್ಯಾರಿಸ್ ಒಲಿಂಪಿಕ್ಸಿನ ಹಾಯಿದೋಣಿ ಸ್ಪರ್ಧೆಗಳು ಮಾರ್ಸೇಲ್ ನಗರದಲ್ಲಿ ಜರುಗಿದಾಗ ಈ ಆಟಕ್ಕೂ ಅಲ್ಲಿ ಮೊದಲ ಬಾರಿಗೆ ಸ್ಥಾನವು ದೊರೆಯಿತು. ಆಟಗಾರನು ಸೊಂಟಕ್ಕೆ ಬಿಗಿದ ಪಟ್ಟಿಗೆ ಗಾಳಿಪಟವನ್ನು ಸಿಕ್ಕಿಸಿಕೊಳ್ಳುವನು; ಪಟವು ಇಪ್ಪತ್ತು ಮೀಟರಿಗೂ ಮೇಲ್ಪಟ್ಟ ದಾರಗಳ ತುದಿಯಲ್ಲಿ ಹಾರುತ್ತ ಅವನನ್ನು ಎಳೆಯುವುದು. ಹಲಗೆಯಾದರೋ ಪಾದಗಳಿಗೆ ಹಾಕಿದ ಪಟ್ಟಿಗಳಿಂದಲೇ ನಿಂತಿರುವುದು. ಆದುದರಿಂದ ಬಿದ್ದೊಡನೆ ಅದು ಕಳಚಿಹೋಗುವುದು ಸ್ವಾಭಾವಿಕವು.

ಈಗ ಅದಕ್ಕೊಂದು ಎಳೆದರೆ ಹಿಗ್ಗುವ ಹಗ್ಗವನ್ನು ಕಟ್ಟಿದೆವೆನ್ನೋಣ. ಬಿದ್ದವನನ್ನು ಪಟವು ನೀರಿನಲ್ಲಿ ಮುಂದಕ್ಕೆ ಸೆಳೆಯುತ್ತಿರುವುದು. ಹಲಗೆಯು ನೀರಿಗೆ ಅಡ್ಡವಾಗಿ ಸಿಕ್ಕಿ ಹಿಂದೆಯೇ ನಿಲ್ಲುವುದು. ನಡುವಣ ಹಗ್ಗವು ಹಿಗ್ಗುತ್ತ ಹೋಗುವುದು. ಹಲಗೆಯು ನೀರಿನ ಹಿಡಿತದಿಂದ ಬಿಡಿಸಿಕೊಂಡ ಕ್ಷಣವೇ ಕವಣೆಯ ಕಲ್ಲಿನಂತೆ ಚಿಮ್ಮಿ ಅವನ ತಲೆಯ ಮೇಲೆಯೇ ಬಂದೆರಗುವುದು. ಹೆಲ್ಮೆಟ್ಟು ಧರಿಸತಕ್ಕದ್ದೇ, ಆದರೆ ಅದು ಮುಖವನ್ನಾಗಲಿ ಕತ್ತನ್ನಾಗಲಿ ಕಾಯಲಾರದು. ತಲೆ ಗಟ್ಟಿಯಿದೆಯೆಂದು ಬಂಡೆಗೆ ಹಾಯಬಾರದೆಂಬ ಗಾದೆಯನ್ನು ಇಲ್ಲಿ ನೆನೆಯಬೇಕು.

ಹಾಗಾದರೆ ಹಲಗೆಯನ್ನು ಪಡೆಯುವ ಬಗೆ ಹೇಗೆ? ಪಟದೊಡನೆ ನಾವು ಗಾಳಿಯ ಜಾಡಿನಲ್ಲಿ ಬೇಗನೆ ಸರಿಯುವೆವು; ಹಲಗೆಯು ಮೆಲ್ಲಗೆ ತೇಲುವುದು. ಆದುದರಿಂದ ಅದು ಸಾಮಾನ್ಯವಾಗಿ ಗಾಳಿ ಬರುವ ಕಡೆಗೇ ಉಳಿದಿರುವುದು. ಪಟದ ಸೆಳೆತಕ್ಕೆ ಎದುರಾಗಿ ಬರಿಯ ಈಜಿನಿಂದ ಅದನ್ನು ಮುಟ್ಟುವುದು ಕಷ್ಟಸಾಧ್ಯವು. ಮೊದಲು ಹಲಗೆಯಿರುವ ತಾಣವನ್ನು ದಡದ ಒಂದು ಮರಕ್ಕೋ ಕಟ್ಟಡಕ್ಕೋ ನೇರಹಿಡಿದು ಗುರುತಿಸಿಕೊಳ್ಳಬೇಕು. ಬಳಿಕ ಪಟವನ್ನು ಒಂದು ಪಕ್ಕಕ್ಕೆ, ನೀರಿಗೂ ನೆತ್ತಿಗೂ ನಡುವೆ ಸುಮಾರು 45 ಅಂಶದಲ್ಲಿ ನಿಲ್ಲಿಸಬೇಕು. ಒಂದು ಕೈ ಪಟದ ಹಿಡಿಕೆಯ ಮೇಲಿರಲಿ. ಇನ್ನೊಂದು ಕೈಯನ್ನು ಹೋಗುವ ದಿಕ್ಕಿಗೆ ನೀರೊಳಗೆ ನೀಳವಾಗಿ ಚಾಚಿ, ಮೈಯನ್ನು ಪಕ್ಕಕ್ಕೆ ಮಗ್ಗುಲಾಗಿಸಿ ಬಿಗಿಹಿಡಿಯಬೇಕು. ಆಗ ಮೈಯೂ ತೋಳೂ ನೀರಿಗೆ ಅಡ್ಡನಿಂತು, ಗಾಳಿಯೊಡನೆ ಸರಿಯದಂತೆ ತಡೆದು, ಓರೆಯಾಗಿ ಗಾಳಿಗೆದುರು ಸಾಗಿಸುವುವು. ಸ್ವಲ್ಪ ದೂರ ಹೋಗಿ ಪಟವನ್ನು ಇನ್ನೊಂದು ಪಕ್ಕಕ್ಕೆ ತಿರುಗಿಸಿ, ಕೈಯನ್ನು ಬದಲಿಸಿ, ಮರಳಿ ಓರೆಯಾಗಿ ಬರಬೇಕು. ತಿರುಗುವಾಗಲೆಲ್ಲ ಗಳಿಸಿದ ದೂರವು ಸ್ವಲ್ಪ ನಷ್ಟವಾಗುವುದು. ಆದುದರಿಂದ ಪದೇ ಪದೇ ತಿರುಗದೆ, ಉದ್ದುದ್ದವಾದ ಕೆಲವೇ ಓರೆಗಳಲ್ಲಿ ಸಾಗುವುದು ಜಾಣತನವು. ಹಲಗೆಯು ಸಿಕ್ಕಿದ ಮೇಲೆ ಅದನ್ನು ಅಲೆಗೂ ಮುಖಕ್ಕೂ ನಡುವೆ ಇರಗೊಡಬಾರದು. ಬರುವ ಅಲೆಯು ಅದನ್ನೇ ನಮ್ಮ ಮೇಲೆ ತಳ್ಳುವುದು.

ಹಲಗೆಯನ್ನು ಏರುವುದಕ್ಕೆ ಮೊದಲೇ ಈ ವಿದ್ಯೆಯನ್ನು ಗುರುಮುಖದಿಂದ ಕಲಿತಿರಬೇಕು. ದಡದಿಂದ ಕಡಲಿನ ಕಡೆಗೆ ಗಾಳಿಯು ಬೀಸುವಾಗ ನೀರಿಗಿಳಿಯಲೇಕೂಡದು. ಹಲಗೆಯ ಬಣ್ಣವು ದೂರಕ್ಕೂ ಕಾಣುವಂತೆ ಕೆಂಪೋ ಹಳದಿಯೋ ಇರಲಿ. ಅದರ ಮೇಲೆ ಹೆಸರನ್ನೂ ದೂರವಾಣಿಯ ಸಂಖ್ಯೆಯನ್ನೂ ಅಳಿಯದಂತೆ ಬರೆದಿಡಬೇಕು. ಒಡೆಯನು ಕ್ಷೇಮವಾಗಿ ದಡ ಸೇರಿ, ಹಲಗೆಯು ಮಾತ್ರ ಎಲ್ಲಿಯೋ ತೇಲುತ್ತಿರುವುದನ್ನು ಕಂಡವರು ಮನುಷ್ಯನೇ ಮುಳುಗಿದನೆಂದು ಹುಡುಕಹೊರಡುವರು. ಆದುದರಿಂದ ಹಲಗೆಯು ಕಳೆದುಹೋದರೆ ಸಮೀಪದ ರಕ್ಷಕರಿಗೆ, ಇಲ್ಲವೇ ಭಾರತೀಯ ತಟರಕ್ಷಣಾ ಪಡೆಯ 1554 ಸಂಖ್ಯೆಗೆ ತಿಳಿಸುವುದು ಕರ್ತವ್ಯವು.

ಎರಡು ಮೂರು ಸಲ ಯತ್ನಿಸಿಯೂ ಹಲಗೆಯು ದೊರೆಯದಿದ್ದರೆ, ಅಥವಾ ತೋಳುಗಳು ಸೋತರೆ, ಅದರ ಆಸೆಯನ್ನು ಬಿಟ್ಟು ಪಟದೊಡನೆ ದಡವನ್ನು ಸೇರತಕ್ಕದ್ದು. ಬೆಲೆಬಾಳುವ ವಸ್ತುವನ್ನು ಕಳೆದುಕೊಂಡರೆ ಮನೆಯಲ್ಲಿ ಗದರಿಯಾರೆಂಬ ಅಂಜಿಕೆಯಿಂದಲೇ ಎಷ್ಟೋ ಎಳೆಯರು ಕೈಲಾಗದ ಸಾಹಸಕ್ಕೆ ತೊಡಗುವರು. ಆದುದರಿಂದ ಕಾಗದ ಬರೆದ ಮಹನೀಯರಲ್ಲಿ ನಮ್ಮ ವಿನಂತಿಯೊಂದೇ: ಮಗನನ್ನು ಬೀಳ್ಕೊಡುವಾಗ, “ಹಲಗೆ ಹೋದರೆ ಹೋಗಲಿ, ನೀನು ಬಾ” ಎಂದು ಬಾಯಿಬಿಟ್ಟು ಹೇಳಿ ಕಳುಹಿಸಿರಿ. ಹಗ್ಗಕ್ಕಿಂತ ಆ ಮಾತು ಅವನನ್ನು ಹೆಚ್ಚು ಕಾಯುವುದು.