ಉಜ್ಜಿದ ಸಿಲಿಂಡರ್‌ಗೆ ಅನ್‌ಡೂ ಇಲ್ಲ!

1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100 ನಿಂತಿದ್ದು 1996ರಲ್ಲಿ. ನಮ್ಮ ಮೈಸೂರಿನ ಯೆಜ್ದಿ ಕಾರ್ಖಾನೆ ಬಾಗಿಲು ಹಾಕಿದ್ದೂ ಅದೇ ವರ್ಷ. ಆದರೂ ಟೂ ಸ್ಟ್ರೋಕ್ ಹುಚ್ಚು ಇಳಿದಿಲ್ಲ ನೋಡಿ. ಆರ್‌ಎಕ್ಸ್‌ನ 98 ಸಿಸಿ, 11 ಬಿಎಚ್‌ಪಿ ಸಾಲದು ಅಂತ ‘ಪೋರ್ಟಿಂಗ್’ ಮಾಡಿಸೋರು ಈಗಲೂ ಇದ್ದಾರೆ.

ಟೂ ಸ್ಟ್ರೋಕ್ ಸಿಲಿಂಡರ್ ಗೋಡೆಯಲ್ಲಿ ಕಿಂಡಿಗಳಿರುತ್ತವೆ. ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತಾ ಅವನ್ನು ತೆರೆದು ಮುಚ್ಚುತ್ತದೆ. ಈ ಕಿಂಡಿಗಳನ್ನು ಉಜ್ಜಿ ಎತ್ತರ, ಅಗಲ, ಆಕಾರ ಬದಲಿಸೋದೇ ಪೋರ್ಟಿಂಗ್. ಆದರೆ "ಎಷ್ಟು ಉಜ್ಜಿದ್ರಿ?" ಅಂತ ಮೇಸ್ತ್ರಿಯನ್ನು ಕೇಳಿದರೆ, "ಅದೆಲ್ಲ ಕೈ ಅಂದಾಜು" ಅಂತಾರೆ. ನನ್ನ ತಕರಾರು ಇರೋದು ಇಲ್ಲೇ.

ಅಂದಾಜಿಗೆ ಇಲ್ಲಿ ಜಾಗ ಕಮ್ಮಿ. ಆರ್‌ಎಕ್ಸ್‌ನ ಸ್ಟ್ರೋಕ್ 50 ಮಿ.ಮೀ. ಎಕ್ಸಾಸ್ಟ್ ಕಿಂಡಿಯನ್ನು ಒಂದೇ ಮಿ.ಮೀ. ಮೇಲಕ್ಕೆ ಏರಿಸಿದರೆ ಅದು ತೆರೆದಿರುವ ಅವಧಿ 4ರಿಂದ 5 ಡಿಗ್ರಿ ಹೆಚ್ಚುತ್ತದೆ. ಎಳೆತ ಮೇಲಿನ ಆರ್‌ಪಿಎಮ್‌ಗೆ ಹೋಗುತ್ತದೆ, ಕೆಳಗಿನದು ಕುಗ್ಗುತ್ತದೆ. ಕಾರವಾರದ ಬೀಚ್ ರಸ್ತೆಯಲ್ಲಿ ಮಜಾ ಅನ್ನಿಸೋ ಬೈಕು, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಅಣಶಿ ಘಾಟಿ ಹತ್ತುವಾಗ ಏದುಸಿರು ಬಿಡುತ್ತದೆ. ಅಗಲ ಜಾಸ್ತಿಯಾದರೆ ಪಿಸ್ಟನ್ ರಿಂಗು ಕಿಂಡಿಗೆ ಸಿಕ್ಕಿ ಮುರಿಯುತ್ತದೆ.

ಬರೀ ನಂಬರ್ ಹಂಚಿಕೊಂಡರೂ ಸಾಲದು. ಬೆಂಗಳೂರು ಇರೋದು ಸುಮಾರು 900 ಮೀಟರ್ ಎತ್ತರದಲ್ಲಿ. ಸದಾಶಿವಗಡ ಸಮುದ್ರದ ಪಕ್ಕ. ಇಲ್ಲಿಯ ಗಾಳಿಗೆ ಸಾಂದ್ರತೆ ಹೆಚ್ಚು, ಹಾಗಾಗಿ ಪೆಟ್ರೋಲೂ ಹೆಚ್ಚು ಬೇಕು. ಅಲ್ಲಿ ಅಂಚಿಗೆ ಹೊಂದಿಸಿದ ಜೆಟ್ ಸೈಜನ್ನು ಇಲ್ಲಿ ಕಣ್ಣುಮುಚ್ಚಿ ಹಾಕಿದರೆ ಮಿಶ್ರಣ ತೆಳುವಾಗಿ, ಇಂಜಿನ್ ಕಾದು ಪಿಸ್ಟನ್ ಸೀಜ್ ಆಗಬಹುದು. ಓಡುತ್ತಿರುವಾಗ ಸೀಜ್ ಆದರೆ ಹಿಂದಿನ ಚಕ್ರವೇ ಲಾಕ್! ಸವಾರನ ಗತಿ ಏನು?

"ಗುಟ್ಟು ಬಿಟ್ಟುಕೊಟ್ಟರೆ ನಮ್ಮ ಹೊಟ್ಟೆಪಾಡು?" ಅನ್ನೋದು ಮೇಸ್ತ್ರಿಗಳ ಪ್ರಶ್ನೆ. ನ್ಯಾಯವಾದದ್ದೇ. ಆದರೆ ಅಮೆರಿಕದ ಗಾರ್ಡನ್ ಜೆನ್ನಿಂಗ್ಸ್ ಈ ಲೆಕ್ಕಗಳನ್ನೆಲ್ಲ 1973ರಲ್ಲೇ ಪುಸ್ತಕ ಮಾಡಿದ್ದಾರೆ. ಲೆಕ್ಕ ಓದಿದ ಮಾತ್ರಕ್ಕೆ ಕೈ ಪಳಗುವುದಿಲ್ಲ ಸ್ವಾಮಿ. ಉಜ್ಜಿಸಲು ನಾವು ನಿಮ್ಮ ಹತ್ತಿರವೇ ಬರಬೇಕು. ಬರೆದಿಡದಿದ್ದರೆ ಮಾತ್ರ, ನೀವು ಅಂಗಡಿ ಮುಚ್ಚಿದ ದಿನ ಮೂವತ್ತು ವರ್ಷದ ಅನುಭವವೂ ಮುಚ್ಚಿಹೋಗುತ್ತದೆ.

ಹೆಚ್ಚೇನೂ ಬೇಡ, ಒಂದು ಚೀಟಿ ಸಾಕು. ಸಿಲಿಂಡರ್ ಮೇಲಂಚಿನಿಂದ ಕಿಂಡಿಗೆ ಮೊದಲು ಎಷ್ಟಿತ್ತು, ಈಗೆಷ್ಟು? ಅಗಲ ಎಷ್ಟು? ಮೇನ್ ಜೆಟ್, ಪ್ಲಗ್, ಸೈಲೆನ್ಸರ್ ಯಾವುದು? ಯಾವ ಊರಿನಲ್ಲಿ ಹೊಂದಿಸಿದ್ದು? ಮುಖ್ಯವಾಗಿ, ಏನು ಕೆಟ್ಟಿತು? ಗೆದ್ದ ಲೆಕ್ಕ ಎಲ್ಲರೂ ಹೇಳ್ತಾರೆ, ಸೋತದ್ದೇ ಹೆಚ್ಚು ಕಲಿಸೋದು.

ನಮ್ಮ ಸಾಫ್ಟ್‌ವೇರ್‌ನಲ್ಲಿ ಕೋಡ್ ಕೆಟ್ಟರೆ ಹಳೆಯ ಆವೃತ್ತಿಗೆ ಮರಳಬಹುದು. ಉಜ್ಜಿ ತೆಗೆದ ಲೋಹ ಮರಳಿ ಬರೋದಿಲ್ಲ. ಬೈಕು ನಿಂತು ಇಷ್ಟು ವರ್ಷವಾದ ಮೇಲೆ ಕಂಪನಿಯ ಮೂಲ ಸಿಲಿಂಡರ್‌ಗಳು ಕಡಿಮೆಯಾಗುತ್ತಲೇ ಇವೆ. ಒಬ್ಬರು ಕೆಡಿಸಿ ಕಲಿತದ್ದನ್ನು ಇನ್ನೊಬ್ಬರೂ ಕೆಡಿಸಿಯೇ ಕಲಿಯಬೇಕಾ? ನೀವೇ ಹೇಳಿ...