ಗಾಡಿಯ ದೋಷವನ್ನು ಕನ್ನಡದಲ್ಲಿ ಹೇಳಿ!



ಬೋರ್ಡು ಕನ್ನಡದಲ್ಲಿರಲಿ, ಬ್ಯಾಂಕಿನ ಚಲನ್ ಕನ್ನಡದಲ್ಲಿರಲಿ ಎಂದು ನಾವು ಕೂಗಿದಾಗಲೆಲ್ಲ ‘ಇದೆಲ್ಲ ಬರೀ ಭಾವನೆ, ಹೊಟ್ಟೆಗೆ ಹಿಟ್ಟಾದೀತೇ?’ ಎಂದು ಮೂಗು ಮುರಿಯುವವರಿದ್ದಾರೆ. ಅವರಿಗೆ ಇವತ್ತು ಭಾವನೆಯ ಮಾತು ಬೇಡ. ಒಂದು ಕಬ್ಬಿಣದ ಸರಳಿನ ಮಾತು ಹೇಳೋಣ.

2023ರ ಜುಲೈ ತಿಂಗಳಲ್ಲಿ ಮಾರುತಿ ಸುಜುಕಿ ಕಂಪನಿ 87,599 ಗಾಡಿಗಳನ್ನು ರಿಪೇರಿಗೆ ವಾಪಸು ಕರೆಯಿತು. ಎಸ್-ಪ್ರೆಸ್ಸೊ ಕಾರು ಮತ್ತು ಈಕೋ ವ್ಯಾನು. 2021ರ ಜುಲೈ 5ರಿಂದ 2023ರ ಫೆಬ್ರವರಿ 15ರವರೆಗೆ ತಯಾರಾದಂಥವು. ಸ್ಟೇರಿಂಗ್ ಟೈ ರಾಡ್‌ನ ಒಂದು ಭಾಗದಲ್ಲಿ ದೋಷವಿರಬಹುದು, ಅಪರೂಪಕ್ಕೆ ಅದು ಮುರಿದು ಗಾಡಿಯ ಹಿಡಿತ ತಪ್ಪಬಹುದು ಎಂದು ಕಂಪನಿಯೇ ಹೇಳಿತು. ಡ್ರೈವರ್ ಸ್ಟೇರಿಂಗ್ ತಿರುಗಿಸಿದರೆ ಮುಂದಿನ ಚಕ್ರವನ್ನು ತಿರುಗಿಸುವ ಸರಳೇ ಟೈ ರಾಡ್. ಅದು ಮುರಿದರೆ ಸ್ಟೇರಿಂಗ್ ಕೈಯಲ್ಲೇ ಇರುತ್ತದೆ, ಚಕ್ರ ಮಾತ್ರ ತನ್ನ ದಾರಿ ಹಿಡಿಯುತ್ತದೆ! ತಪಾಸಣೆ, ಬದಲಾವಣೆ ಎರಡೂ ಪುಕ್ಕಟೆ.

ಎಲ್ಲ ವಾಪಸು ಕರೆಯೂ ಜೀವಕ್ಕೆ ಸಂಬಂಧಿಸಿದ್ದಲ್ಲ. 2020ರ ನವೆಂಬರಿನಲ್ಲಿ 40,453 ಈಕೋಗಳನ್ನು ಕರೆದದ್ದು ಹೆಡ್‌ಲೈಟಿನ ಮೇಲೆ ಇರಬೇಕಾದ ಒಂದು ಗುರುತು ಇಲ್ಲವೆಂಬ ಕಾರಣಕ್ಕೆ. ಆದರೆ ಯಾವುದು ಗುರುತಿನ ಮಾತು, ಯಾವುದು ಪ್ರಾಣದ ಮಾತು ಎಂದು ತಿಳಿಯಬೇಕಾದರೆ ಬಂದ ಸೂಚನೆ ಅರ್ಥವಾಗಬೇಕಲ್ಲ?

ಕಂಪನಿ ದೋಷ ಒಪ್ಪಿ ರಿಪೇರಿ ಮಾಡಿಕೊಡುವುದು ಒಳ್ಳೆಯದೇ. ನಮ್ಮ ತಕರಾರು ಬೇರೆ. ಸುದ್ದಿ ಯಾರಿಗೆ, ಯಾವ ಭಾಷೆಯಲ್ಲಿ ಮುಟ್ಟುತ್ತದೆ? ಷೇರುಪೇಟೆಗೆ ಇಂಗ್ಲಿಷಿನಲ್ಲಿ ಪತ್ರ ಹೋಗುತ್ತದೆ. ಮುಂಬಯಿಯ ದಲ್ಲಾಳಿಗೆ ಅದೇ ದಿನ ತಿಳಿಯುತ್ತದೆ. ಸಿಂದಗಿಯ ಡ್ರೈವರನಿಗೆ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ರಸ್ತೆಗಳನ್ನು ನೆನಪಿಸಿಕೊಳ್ಳಿ. ಬಸ್ಸು ತಪ್ಪಿದರೆ ವ್ಯಾನೇ ಗತಿ. ಶಾಲೆಗೆ ಮಕ್ಕಳು, ಮದುವೆಗೆ ನೆಂಟರು, ಬಾಗೇವಾಡಿಗೆ, ಕೂಡಲಸಂಗಮಕ್ಕೆ ಭಕ್ತರು, ನಡುರಾತ್ರಿ ಹೆರಿಗೆ ನೋವೆದ್ದರೆ ವಿಜಯಪುರದ ಆಸ್ಪತ್ರೆಗೆ ತಾಯಂದಿರು. ಎಲ್ಲಕ್ಕೂ ಅದೇ ಓಮ್ನಿ, ಅದೇ ಈಕೋ. ಬೆಂಗಳೂರಲ್ಲೋ ಸೊಲ್ಲಾಪುರದಲ್ಲೋ ಓಡಿ ಸವೆದ ಗಾಡಿಯನ್ನು ಎರಡನೇ, ಮೂರನೇ ಕೈಯಿಂದ ಕೊಂಡವರಿಗೆ ಎಚ್ಚರಿಕೆ ಮುಟ್ಟುವುದು ಹೇಗೆ? ಶೋರೂಮಿನ ಪುಸ್ತಕದಲ್ಲಿ ಮೊದಲ ಮಾಲೀಕನ ನಂಬರೇ ಉಳಿದಿದ್ದರೆ ಕರೆ ಹೋಗುವುದು ಅಲ್ಲಿಗೆ, ಗಾಡಿ ಇರುವುದು ಇಲ್ಲಿ!

ಕಾನೂನು ಇಲ್ಲವೇ? ಇದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 110-ಎ ಕಲಮು ಸೇರಿತು. 2021ರ ಏಪ್ರಿಲ್ 1ರಿಂದ ಜಾರಿಗೆ ಬಂತು. ದೋಷದ ಗಾಡಿಗಳನ್ನು ವಾಪಸು ಕರೆಯಿರಿ ಎಂದು ಕೇಂದ್ರ ಸರ್ಕಾರ ಈಗ ಕಂಪನಿಗೆ ಆಜ್ಞೆ ಮಾಡಬಹುದು. ಆದರೆ ಎರಡು ತೊಡಕು. ಒಂದು, ಇದು ಏಳು ವರ್ಷದೊಳಗಿನ ಗಾಡಿಗೆ ಮಾತ್ರ. ಎರಡು, ಮಾಲೀಕರ ದೂರುಗಳು ನಿಗದಿತ ಸಂಖ್ಯೆ ಮುಟ್ಟಿದರೆ ಅದು ಕ್ರಮಕ್ಕೆ ಒಂದು ಆಧಾರ. ಅಂದರೆ ದೂರು ಇಲ್ಲಿ ಓಟಿದ್ದಂತೆ. ಇಂಗ್ಲಿಷ್ ಬಾರದೆ ದೂರು ಬರೆಯದವನ ಓಟು ಎಣಿಕೆಗೇ ಬರುವುದಿಲ್ಲ. ಇದೆಂಥ ನ್ಯಾಯ?

ಓಮ್ನಿಯ ಗತಿ ನೋಡಿ. 1984ರಲ್ಲಿ ಮಾರುತಿ ವ್ಯಾನ್ ಎಂದು ಬಂದು, 1988ರಲ್ಲಿ ಓಮ್ನಿಯಾಗಿ, 2019ರಲ್ಲಿ ನಿಂತುಹೋದ ಗಾಡಿ. ಇಂಜಿನ್ ಮುಂದಿನ ಸೀಟಿನ ಕೆಳಗೆ. ಡಿಕ್ಕಿಯಾದರೆ ಮೊದಲು ಸಿಗುವುದು ಡ್ರೈವರನ ಮೊಣಕಾಲು. ಊರಲ್ಲಿ ಓಡುವ ಹಳೆಯ ಓಮ್ನಿಗಳಿಗೆ ಏಳು ವರ್ಷದ ರಕ್ಷಣೆ ಎಂದೋ ಮುಗಿದಿದೆ. ಅಮೆರಿಕದಲ್ಲಿ ವಾಪಸು ಕರೆದ ಗಾಡಿಗೆ ಪುಕ್ಕಟೆ ರಿಪೇರಿಯ ಹಕ್ಕು ಮೊದಲ ಮಾರಾಟದಿಂದ ಹದಿನೈದು ವರ್ಷ. ನೋಂದಣಿ ದಾಖಲೆಯಲ್ಲಿರುವ ಮಾಲೀಕನ ಮನೆಗೇ ಅಂಚೆಯಲ್ಲಿ ಪತ್ರ ಹೋಗಬೇಕು. ಅಲ್ಲಿಯವರ ಜೀವಕ್ಕೆ ಹದಿನೈದು, ನಮ್ಮವರ ಜೀವಕ್ಕೆ ಏಳೇ?

ನಮ್ಮ ಹಕ್ಕೊತ್ತಾಯ ಮೂರು. ಕರ್ನಾಟಕದಲ್ಲಿ ಮಾರಿದ ಗಾಡಿಯ ವಾಪಸು ಕರೆ ಕನ್ನಡದಲ್ಲೇ ಬರಬೇಕು. ಶೋರೂಮಿನಲ್ಲಿ, ಆರ್‌ಟಿಓ ಕಚೇರಿಯಲ್ಲಿ ಅಂಟಿಸಬೇಕು. ಎಚ್ಚರಿಕೆ ಆರ್‌ಟಿಓ ದಾಖಲೆಯ ಇಂದಿನ ಮಾಲೀಕನಿಗೆ ಹೋಗಬೇಕು. ದೂರನ್ನು ಕನ್ನಡದಲ್ಲೇ ಕೊಡುವಂತಿರಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸಾಕಷ್ಟು ಸೂಚನೆ, ಎಚ್ಚರಿಕೆ ಕೊಡದ ತಯಾರಕ ಹಾನಿಗೆ ಹೊಣೆಯಾಗಬಹುದು. ಓದಲಾಗದ ಭಾಷೆಯಲ್ಲಿ ಕೊಟ್ಟ ಎಚ್ಚರಿಕೆ ಎಚ್ಚರಿಕೆಯೇ? ದೇವರ ಜೊತೆಗೇ ಕನ್ನಡದಲ್ಲಿ ಮಾತಾಡಬಹುದು ಎಂದು ಎಂಟು ಶತಮಾನಗಳ ಹಿಂದೆ ತೋರಿಸಿದವರು ಬಾಗೇವಾಡಿಯ ಬಸವಣ್ಣನವರು. ಮೋಟಾರು ಕಂಪನಿ ದೇವರಿಗಿಂತ ದೊಡ್ಡದೇ?

ಸರ್ಕಾರ ಏಳುವವರೆಗೆ ನೀವು ಕೈಕಟ್ಟಿ ಕೂರಬೇಡಿ. ನಗರದಲ್ಲಿದ್ದೀರಿ, ನಾಲ್ಕಕ್ಷರ ಇಂಗ್ಲಿಷ್ ಬಲ್ಲಿರಿ; ಅದನ್ನು ಊರಿಗೆ ಉಪಯೋಗಿಸಿ. ಇವತ್ತೇ ಕಾಕಾನಿಗೋ ಮಾಮಾನಿಗೋ ಫೋನ್ ಹಚ್ಚಿ ಆರ್.ಸಿ.ಯಲ್ಲಿರುವ ಚಾಸಿಸ್ ನಂಬರು ಬರೆದುಕೊಳ್ಳಿ. ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ಆ ನಂಬರಿಗೆ ಬಾಕಿ ವಾಪಸು ಕರೆ ಇದೆಯೇ ಎಂದು ಕೇಳಿ. ಇದ್ದರೆ ಒಂದು ಪೈಸೆ ಕೊಡದೆ ರಿಪೇರಿ ಮಾಡಿಸಿ. ಗಾಡಿ ಇನ್ನೂ ಹಳೆಯ ಮಾಲೀಕನ ಹೆಸರಲ್ಲಿದ್ದರೆ ಮೊದಲು ವರ್ಗಾವಣೆ ಮಾಡಿಸಲು ಹೇಳಿ. ಓಮ್ನಿಯಾಗಿದ್ದರೆ ಯಾರೂ ಕರೆಯುವುದಿಲ್ಲವೆಂದೇ ತಿಳಿದು ನಂಬಿಕಸ್ಥ ಮೆಕ್ಯಾನಿಕ್ ಕೈಲಿ ಟೈ ರಾಡ್, ಬ್ರೇಕ್, ಟಯರ್ ತೋರಿಸಿ. ಅಡುಗೆ ಸಿಲಿಂಡರ್ ಜೋಡಿಸಿದ್ದರೆ ಅದೇ ದಿನ ಕೀಳಿಸಿ. ಅದು ಕಾನೂನುಬಾಹಿರ, ಗಾಡಿಯೊಳಗಿನ ಬಾಂಬು.

ಕಂಪನಿ ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲಿ ಕನ್ನಡದಲ್ಲಿ ಮಾತಾಡಬಹುದು. ಕನ್ನಡದಲ್ಲೇ ಮಾತಾಡಿ!