ಮೊದಲು ವರದಿ, ಆಮೇಲೆ ಅಡ್ವಾನ್ಸ್

ಹೊಸೂರು, ಬಾಗಲೂರು, ಮತ್ತಿಗಿರಿ ಕಡೆ ಮನೆ ಕೊಳ್ಳುವವರಲ್ಲಿ ಅನೇಕರು ಮೊದಲು ಅಡ್ವಾನ್ಸ್ ಕೊಟ್ಟು, ಆಮೇಲೆ ಬ್ಯಾಂಕಿನ ಮೆಟ್ಟಿಲು ಹತ್ತುತ್ತಾರೆ. ಸಾಲ ಸಿಗದಿದ್ದರೆ ಕೊಟ್ಟ ದುಡ್ಡಿಗೇ ಸಂಚಕಾರ. ಹಳೇ ಬೈಕ್ ಸಾಲದ ತಪ್ಪಿದ ಕಂತು, ಗೆಳೆಯನಿಗೆ ಜಾಮೀನು ನಿಂತ ಸಾಲ ಎಲ್ಲವೂ ಸಾಲ ವರದಿಯಲ್ಲಿ ಕಾಣುತ್ತವೆ. ತೀರಿಸಿದ ಸಾಲವೂ ಬಾಕಿಯೆಂದೇ ಉಳಿದಿರಬಹುದು.

ಸಿಬಿಲ್ ಸೇರಿ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಪುಕ್ಕಟೆ ಕೊಡಬೇಕೆಂಬ ರಿಸರ್ವ್ ಬ್ಯಾಂಕ್ ನಿಯಮ 2017ರಿಂದಲೇ ಇದೆ. ತಮ್ಮ ವರದಿಯನ್ನು ತಾವೇ ನೋಡಿದರೆ ಅಂಕ ಇಳಿಯದು. ತಪ್ಪು ಕಂಡರೆ ಕೂಡಲೇ ದೂರು ಕೊಡಬೇಕು. 30 ದಿನದೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂ. ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಿದೆ.

ತಿಂಗಳು ಕಾದರೆ ಮನೆ ಎಲ್ಲೂ ಓಡಿಹೋಗದು. ಅವಸರಕ್ಕೆ ಕೊಟ್ಟ ಅಡ್ವಾನ್ಸ್ ಹೋಗಬಹುದು.